ಸಭೆ ವಹಿಸಿಕೊಂಡ ತಮ್ಮನಿಗೆ

ಪ್ರೀತಿಯ ತಮ್ಮಾ,

ಕರ್ತನ ಹೆಸರಿನಲ್ಲಿ ನಿನಗೂ ಅಪ್ಪ ಅಮ್ಮನಿಗೂ ವಂದನೆಗಳು. ನಿನಗೆ ಪಾಸ್ಟರಾಗಿ ಸಭೆಯ ಜವಾಬ್ದಾರಿ ಕೊಟ್ಟ ಸುದ್ದಿ ಹೇಳುವಾಗ ಅಮ್ಮನ ದನಿ ಸಂತೋಷದಿಂದ ನಡುಗುತ್ತಿತ್ತು. ನನಗೂ ಅಷ್ಟೇ ಖುಷಿಯಾಯಿತು. ಆಮೇಲೆ ನಿನ್ನ ಮೆಸೇಜು ಓದಿದೆ. "ಪ್ರಸಂಗ ಮಾಡೋದು ಕಲಿಸಿದ್ದಾರೆ ಅಕ್ಕ, ಜನರನ್ನ ನೋಡಿಕೊಳ್ಳೋದು ಹೇಗೆ ಅಂತಾನೇ ಭಯ" ಅಂತ ಬರೆದಿದ್ದೆ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ಕೂತು ಕಾಗದ ಬರೆಯುತ್ತಿದ್ದೇನೆ.

ನಾನು ದೇವಶಾಸ್ತ್ರ ಓದಿದವಳಲ್ಲ. ಆದರೆ ಇಲ್ಲಿ ಆಸ್ಪತ್ರೆಯ ವಾರ್ಡಿನಲ್ಲಿ ಪಾಸ್ಟರುಗಳು ಬಂದು ಹೋಗುವುದನ್ನು ಹತ್ತಿರದಿಂದ ನೋಡುತ್ತೇನೆ. ಅವರು ಹೋದ ಮೇಲೆ ರೋಗಿಯ ಮುಖ ಹೇಗಿರುತ್ತದೆ ಅನ್ನುವುದನ್ನೂ ನೋಡುತ್ತೇನೆ. ಹಾಗೆ ನೋಡಿ ನೋಡಿ ಒಂದು ಮಾತು ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿದೆ. ಪ್ರಸಂಗವನ್ನು ಎಲ್ಲರಿಗೂ ಒಟ್ಟಿಗೆ ಮಾಡಬಹುದು. ಆರೈಕೆಯನ್ನು ಒಬ್ಬೊಬ್ಬರಿಗೇ ಮಾಡಬೇಕು, ಹೆಸರು ಹಿಡಿದು ಮಾಡಬೇಕು.

ಬೈಬಲಿನಲ್ಲಿ ಯೆಹೆಜ್ಕೇಲನ ಪುಸ್ತಕದ 34ನೇ ಅಧ್ಯಾಯ ತೆಗೆದು ಇನ್ನೊಮ್ಮೆ ಓದು. ಅಲ್ಲಿ ದೇವರು ಇಸ್ರಾಯೇಲಿನ ಕುರುಬರ ಮೇಲೆ, ಅಂದರೆ ಜನರನ್ನು ನಡೆಸಬೇಕಾದವರ ಮೇಲೆ ಸಿಟ್ಟಾಗಿದ್ದಾನೆ. ಯಾಕೆ? ದುರ್ಬಲವಾದದ್ದನ್ನು ಬಲಪಡಿಸಲಿಲ್ಲ, ರೋಗದ್ದನ್ನು ಗುಣಪಡಿಸಲಿಲ್ಲ, ಮುರಿದದ್ದನ್ನು ಕಟ್ಟಲಿಲ್ಲ, ಓಡಿಸಲ್ಪಟ್ಟದ್ದನ್ನು ಮರಳಿ ತರಲಿಲ್ಲ, ಕಳೆದುಹೋದದ್ದನ್ನು ಹುಡುಕಲಿಲ್ಲ. ಅವರು ಏನು ಬೋಧಿಸಿದರು ಅನ್ನುವ ಪ್ರಶ್ನೆಯೇ ಆ ಪಟ್ಟಿಯಲ್ಲಿಲ್ಲ, ಗಮನಿಸಿದೆಯಾ? ಸ್ಟ್ರಾಸ್‌ಬರ್ಗಿನ ಕ್ರೈಸ್ತ ಸುಧಾರಕ ಮಾರ್ಟಿನ್ ಬುಟ್ಸರ್ 1538ರಲ್ಲಿ ಆತ್ಮಗಳ ಆರೈಕೆಯ ಬಗ್ಗೆ ಪುಸ್ತಕ ಬರೆದಾಗ ಇದೇ ಅಧ್ಯಾಯದ 16ನೇ ವಚನವನ್ನು ಆಧಾರ ಮಾಡಿಕೊಂಡ. ಕಳೆದುಹೋದವನಿಗೆ ಬೇಕಾದದ್ದೇ ಬೇರೆ, ಗಾಯಗೊಂಡವನಿಗೆ ಬೇಕಾದದ್ದೇ ಬೇರೆ. ಗಾಯಗೊಂಡವನನ್ನು ಗದರಿಸಿದರೆ ಅವನು ಮತ್ತೆ ನಿನ್ನ ಹತ್ತಿರ ಬರುವುದಿಲ್ಲ. ದಾರಿ ತಪ್ಪಿದವನನ್ನು ಸುಮ್ನೆ ಸಮಾಧಾನ ಮಾಡುತ್ತಾ ಹೋದರೆ ಅವನು ಇನ್ನೂ ದೂರ ಹೋಗುತ್ತಾನೆ. ಎದುರಿಗೆ ಇರುವವರು ಯಾವ ಸ್ಥಿತಿಯಲ್ಲಿದ್ದಾರೆ ಅಂತ ಮೊದಲು ತಿಳಿದುಕೋ. ಅದಕ್ಕೆ ಅವರು ಮಾತಾಡಬೇಕು, ನೀನು ಕೇಳಿಸಿಕೊಳ್ಳಬೇಕು.

ಮೊದಲ ಕೆಲಸವಾಗಿ ಎಲ್ಲರ ಹೆಸರು ಕಲಿ. ಮಕ್ಕಳ ಹೆಸರನ್ನೂ ಸೇರಿಸಿ. ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ಅಪೊಸ್ತಲ ಪೌಲ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಹೆಸರು ಹೇಳಿ ವಂದಿಸುತ್ತಾನೆ. ಇವಳು ನಿಮಗಾಗಿ ಬಹಳ ದುಡಿದಳು, ಇವನ ತಾಯಿ ನನಗೂ ತಾಯಿ ಅಂತೆಲ್ಲ ಬರೆಯುತ್ತಾನೆ. ಆಗ ಅವನು ಆ ಊರಿಗೆ ಇನ್ನೂ ಹೋಗಿಯೇ ಇರಲಿಲ್ಲ! ಅಷ್ಟು ದೂರದಿಂದ ಅವನಿಗೆ ಅದು ಆಗುವುದಾದರೆ, ಪ್ರತಿ ಭಾನುವಾರ ಮುಖ ನೋಡುವ ನಿನಗೆ ಯಾಕೆ ಆಗಬಾರದು?

ಒಂದು ನೋಟ್‌ಬುಕ್ ಇಟ್ಟುಕೋ. ಭಾನುವಾರ ಸಂಜೆ ಕೂತು, ಬಂದವರನ್ನು ಬಿಡು, ಬಾರದವರ ಹೆಸರು ಬರಿ. ಜನ ಸಭೆಯಿಂದ ಒಂದೇ ದಿನಕ್ಕೆ ದೂರ ಆಗುವುದಿಲ್ಲ. ಮೊದಲು ಆರಾಧನೆ ಮುಗಿದ ಮೇಲೆ ನಿಂತು ಮಾತಾಡುವುದನ್ನು ಬಿಡುತ್ತಾರೆ. ಆಮೇಲೆ ಹಿಂದಿನ ಬೆಂಚಿಗೆ ಹೋಗುತ್ತಾರೆ. ಆಮೇಲೆ ಒಂದು ವಾರ ಬರುತ್ತಾರೆ, ಒಂದು ವಾರ ಇಲ್ಲ. ಅಷ್ಟು ಹೊತ್ತಿಗೆ ಅವರ ಮನೆಯಲ್ಲಿ ಏನೋ ಆಗಿರುತ್ತದೆ. ಕೆಲಸ ಹೋಗಿರಬಹುದು, ಗಂಡ ಹೆಂಡತಿ ಮಾತು ಬಿಟ್ಟಿರಬಹುದು, ಸಭೆಯಲ್ಲೇ ಯಾರೋ ಮನಸ್ಸು ನೋಯಿಸಿರಬಹುದು. ಸೋಮವಾರ ಫೋನ್ ಮಾಡಿದರೆ "ಯಾಕೆ ಬರಲಿಲ್ಲ?" ಅಂತ ಶುರು ಮಾಡಬೇಡ. ಅದು ಹಾಜರಿ ಕೂಗಿದ ಹಾಗೆ ಕೇಳಿಸುತ್ತದೆ. "ನಿಮ್ಮ ನೆನಪಾಯ್ತು, ಹೇಗಿದ್ದೀರಿ?" ಅಂತ ಕೇಳು. ಆಮೇಲೆ ಸುಮ್ಮನಿರು, ಅವರು ಹೇಳಲಿ.

ಏನೂ ತೊಂದರೆ ಇಲ್ಲದಾಗಲೂ ಜನರನ್ನು ಭೇಟಿ ಮಾಡುತ್ತಿರು. ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಕಷ್ಟ ಬಂದಾಗ ಮಾತ್ರ ಬರುವ ಪಾಸ್ಟರ್ ಹತ್ತಿರ ಯಾರೂ ಪೂರ್ತಿ ಮನಸ್ಸು ಬಿಚ್ಚುವುದಿಲ್ಲ. ಹದಿನೇಳನೇ ಶತಮಾನದಲ್ಲಿ ಇಂಗ್ಲೆಂಡಿನ ಕಿಡರ್‌ಮಿನ್‌ಸ್ಟರ್ ಊರಿನಲ್ಲಿ ರಿಚರ್ಡ್ ಬ್ಯಾಕ್ಸ್ಟರ್ ಅನ್ನುವ ಪಾಸ್ಟರ್ ಇದ್ದ. ಅವನ ಸಭಾಪ್ರಾಂತದಲ್ಲಿ 800ಕ್ಕೂ ಹೆಚ್ಚು ಕುಟುಂಬಗಳು. ಅವನೂ ಅವನ ಸಹಾಯಕನೂ ಸೋಮವಾರ, ಮಂಗಳವಾರ ಬೆಳಿಗ್ಗೆಯಿಂದ ಹೆಚ್ಚುಕಮ್ಮಿ ರಾತ್ರಿಯವರೆಗೆ ಒಂದೊಂದೇ ಕುಟುಂಬದ ಜೊತೆ ಕೂತು ಮಾತಾಡುತ್ತಿದ್ದರು. ವಾರಕ್ಕೆ 15, 16 ಕುಟುಂಬ. ವರ್ಷ ಮುಗಿಯುವ ಹೊತ್ತಿಗೆ ಎಲ್ಲರನ್ನೂ ಒಂದು ಸುತ್ತು ಕಂಡಿರಬೇಕು ಅನ್ನುವುದು ಅವನ ಲೆಕ್ಕ. 1656ರಲ್ಲಿ ಅವನು ಬರೆದ ಒಂದು ಮಾತು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಹತ್ತು ವರ್ಷ ಪ್ರಸಂಗ ಕೇಳಿಯೂ ಬದಲಾಗದ ಕೆಲವರು, ಅರ್ಧ ಗಂಟೆ ಹತ್ತಿರ ಕೂತು ಮಾತಾಡಿದ್ದರಿಂದ ಹೆಚ್ಚು ತಿಳಿದುಕೊಂಡರಂತೆ. ಬ್ಯಾಕ್ಸ್ಟರ್ ಪ್ರಸಂಗದಲ್ಲಿ ಕಡಿಮೆಯವನೇನಲ್ಲ, ದೊಡ್ಡ ಪ್ರಸಂಗಿ. ಅಂಥವನೇ ಹೀಗೆ ಬರೆದಿದ್ದಾನೆ.

ಮನೆಗೆ ಹೋಗುವ ಮೊದಲು ತಿಳಿಸಿ ಹೋಗು. ಫೋನನ್ನು ಜೇಬಿನಲ್ಲೇ ಇಡು. ಯಜಮಾನನ ಜೊತೆ ಮಾತ್ರ ಮಾತಾಡಿ ಎದ್ದು ಬರಬೇಡ. ಮೂಲೆಯಲ್ಲಿ ಕೂತ ಅಜ್ಜಿಯನ್ನೂ, ಒಳಗೆ ಓದುತ್ತಿರುವ ಹುಡುಗನನ್ನೂ ಮಾತಾಡಿಸು. ಬಡವರ ಮನೆಗೆ ಮೊದಲು ಹೋಗು. ಚಿನ್ನದ ಉಂಗುರ ಹಾಕಿದವನಿಗೆ ಒಳ್ಳೆಯ ಜಾಗ ಕೊಟ್ಟು ಬಡವನನ್ನು ನೆಲದ ಮೇಲೆ ಕೂರಿಸುವುದು ಪಕ್ಷಪಾತ ಅಂತ ಯಾಕೋಬ ತನ್ನ ಪತ್ರದಲ್ಲಿ ಬರೆದದ್ದು ನಿನಗೆ ಗೊತ್ತಿದೆ. ಪಾಸ್ಟರ್ ಯಾರ ಮನೆಯಲ್ಲಿ ಜಾಸ್ತಿ ಹೊತ್ತು ಕೂರುತ್ತಾರೆ ಅಂತ ಸಭೆಯವರು ಬಾಯಿ ಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರಿಗೂ ಗೊತ್ತಿರುತ್ತದೆ.

ಇನ್ನು ಆಸ್ಪತ್ರೆಯ ಮಾತು. ಒಬ್ಬ ಪಾಸ್ಟರ್ ನಮ್ಮ ವಾರ್ಡಿಗೆ ಬರುತ್ತಾರೆ. ಬಾಗಿಲ ಹತ್ತಿರ ಕೈ ತೊಳೆಯುತ್ತಾರೆ. ಒಳಗೆ ಬರಬಹುದಾ ಅಂತ ರೋಗಿಯನ್ನೇ ಕೇಳುತ್ತಾರೆ. ಕುರ್ಚಿ ಎಳೆದುಕೊಂಡು, ಮಲಗಿದವರ ಕಣ್ಣಿನ ಮಟ್ಟಕ್ಕೆ ತಮ್ಮ ಮುಖ ಬರುವಂತೆ ಕೂರುತ್ತಾರೆ. "ರಾತ್ರಿ ಹೇಗೆ ಕಳೆಯಿತು?" ಅಂತ ಕೇಳುತ್ತಾರೆ. ರಾತ್ರಿಯ ಬಗ್ಗೆ ಕೇಳುವವರು ಬಹಳ ಕಡಿಮೆ ತಮ್ಮಾ, ಆದರೆ ಕಾಯಿಲೆಯವರಿಗೆ ರಾತ್ರಿಯೇ ದೊಡ್ಡದು. ಆಮೇಲೆ ಯಾವುದಕ್ಕಾಗಿ ಪ್ರಾರ್ಥನೆ ಮಾಡಲಿ ಅಂತ ಕೇಳಿ, ಅವರು ಹೇಳಿದ್ದಕ್ಕಾಗಿಯೇ ಪ್ರಾರ್ಥನೆ ಮಾಡುತ್ತಾರೆ. 23ನೇ ಕೀರ್ತನೆಯನ್ನು ಮೆಲ್ಲಗೆ ಹೇಳುತ್ತಾರೆ. ಮಾತೇ ನಿಂತುಹೋದ ಒಬ್ಬ ಮುದುಕರ ತುಟಿ ಅದರ ಜೊತೆ ಅಲ್ಲಾಡಿದ್ದನ್ನು ನಾನು ನೋಡಿದ್ದೇನೆ. ಇಷ್ಟೆಲ್ಲ ಆಗಲು ಹತ್ತು ಹದಿನೈದು ನಿಮಿಷ ಸಾಕು. ಹೊರಗೆ ಬಂದು ರೋಗಿಯ ಮಗಳನ್ನೋ ಹೆಂಡತಿಯನ್ನೋ ಕಂಡು "ನೀವು ನಿದ್ದೆ ಮಾಡಿದಿರಾ?" ಅಂತ ಕೇಳಿ ಹೋಗುತ್ತಾರೆ.

ಇನ್ನು ಕೆಲವರು ಮಂಚದ ಕಾಲಿನ ಹತ್ತಿರ ನಿಂತು ಜೋರಾಗಿ ಪ್ರಾರ್ಥಿಸುತ್ತಾರೆ. ವಿಶ್ವಾಸ ಇದ್ದರೆ ಎದ್ದು ನಡೆಯುತ್ತೀರಿ ಅನ್ನುತ್ತಾರೆ. ಅವರು ಹೋದ ಮೇಲೆ ಆ ರೋಗಿ, ನನ್ನ ವಿಶ್ವಾಸ ಸಾಲದೇನೋ ಅಂತ ಅಳುವುದನ್ನು ಕೇಳಿದಾಗ ನನಗೆ ತಡೆಯಲಾಗುವುದಿಲ್ಲ. ನೋವಿನ ಮೇಲೆ ಅಪರಾಧದ ಭಾರವನ್ನೂ ಹೊರಿಸಿ ಹೋದರಲ್ಲ! ನೀನು ಯಾವತ್ತೂ ಹಾಗೆ ಮಾಡಬೇಡ. ಯಾರಿಗೂ ಔಷಧಿ ಬಿಡು ಅಂತ ಹೇಳಬೇಡ. ಪೌಲನ ಜೊತೆ ವೈದ್ಯನಾದ ಲೂಕ ಇದ್ದ. ಅವನ ಜೊತೆ ಸೇವೆ ಮಾಡಿದ ತಿಮೊಥೆಗೆ ಹೊಟ್ಟೆಯ ತೊಂದರೆ ಇದ್ದಾಗ ಪೌಲ ಅದಕ್ಕೆ ಏನು ತೆಗೆದುಕೊಳ್ಳಬೇಕು ಅಂತ ಬರೆದ. ನಿನ್ನ ವಿಶ್ವಾಸ ಕಡಿಮೆಯಾಗಿದೆ ಅಂತ ಬರೆಯಲಿಲ್ಲ.

ಮನಸ್ಸಿನ ಕಾಯಿಲೆಗೂ ಇದೇ ಮಾತು. ಪ್ರವಾದಿ ಎಲೀಯ ಸಾಯಬೇಕು ಅಂತ ಮರದ ಕೆಳಗೆ ಮಲಗಿದಾಗ ದೇವದೂತ ಅವನಿಗೆ ಬೋಧನೆ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ತಿನ್ನಿಸಿದ. ಸಭೆಯಲ್ಲಿ ಯಾರಾದರೂ ಬದುಕೇ ಬೇಡ ಅನ್ನುವ ಹಾಗೆ ಮಾತಾಡಿದರೆ ನೇರವಾಗಿ ಕೇಳು, "ಸಾಯುವ ಯೋಚನೆ ಬರುತ್ತಿದೆಯಾ?" ಅಂತ. ಕೇಳಿದರೆ ಆ ಯೋಚನೆ ಹುಟ್ಟಿಕೊಳ್ಳುತ್ತದೆ ಅನ್ನುವುದು ತಪ್ಪು ತಿಳುವಳಿಕೆ. ಹೌದು ಅಂದರೆ ಅವರನ್ನು ಒಂಟಿಯಾಗಿ ಬಿಡಬೇಡ. ಮನೆಯವರನ್ನು ಕರೆಸು, ಡಾಕ್ಟರ ಹತ್ತಿರ ನೀನೇ ಜೊತೆಗೆ ಹೋಗು. ಪ್ರಾರ್ಥನೆಯನ್ನು ದಾರಿಯಲ್ಲೂ ಮಾಡಬಹುದು, ಅಲ್ವಾ?

ಸಾವಿನ ಮನೆಯಲ್ಲಿ ಮಾತು ಕಡಿಮೆ ಇರಲಿ. ಮಕ್ಕಳನ್ನು ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಬಾಯಿ ತೆರೆದ ಮೇಲೆ ಕೆಲಸ ಕೆಟ್ಟಿತು. ಸತ್ತ ಗೆಳೆಯ ಲಾಜರನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಯೇಸು ಕಣ್ಣೀರಿಟ್ಟ. "ದೇವರ ಚಿತ್ತ, ಅಳಬೇಡಿ" ಅಂತ ಹೇಳುವ ಮೊದಲು ಅದನ್ನು ನೆನೆಸಿಕೋ. ಮೊದಲ ವಾರ ಮನೆ ತುಂಬ ಜನ ಇರುತ್ತಾರೆ. ಮೂರು ತಿಂಗಳಾದ ಮೇಲೆ ಯಾರೂ ಬರುವುದಿಲ್ಲ. ನೀನು ಆಗ ಹೋಗು. ತೀರಿಕೊಂಡವರ ಹೆಸರು ಹೇಳಿ ಮಾತಾಡು. ಅವರ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಬೇಕು ಅಂತ ಮನೆಯವರಿಗೆ ಎಷ್ಟು ಹಂಬಲ ಇರುತ್ತದೆ ಗೊತ್ತಾ? ತಾರೀಕನ್ನು ಆ ನೋಟ್‌ಬುಕ್ಕಿನಲ್ಲೇ ಬರೆದಿಟ್ಟುಕೋ, ವರ್ಷ ತುಂಬುವ ದಿನ ಫೋನ್ ಮಾಡು.

ಗುಟ್ಟು ಕಾಪಾಡುವ ವಿಷಯದಲ್ಲಿ ಕಟ್ಟುನಿಟ್ಟಾಗಿರು. ಒಬ್ಬರು ಹೇಳಿದ ಕಷ್ಟ ಮುಂದಿನ ವಾರ ಪ್ರಾರ್ಥನೆ ವಿಷಯವಾಗಿ ಎಲ್ಲರ ಮುಂದೆ ಬಂದರೆ, ಅಲ್ಲಿಗೆ ನಂಬಿಕೆ ಮುಗಿಯಿತು. ಪ್ರಸಂಗದಲ್ಲಿ ಹೆಸರು ಬಿಟ್ಟು ಉದಾಹರಣೆ ಕೊಟ್ಟರೂ ಜನ ಗುರುತು ಹಿಡಿಯುತ್ತಾರೆ. ಆದರೆ ಒಂದು ಮಗುವಿಗೆ ಕಿರುಕುಳ ಆಗುತ್ತಿದೆ, ಯಾರದೋ ಜೀವಕ್ಕೆ ಅಪಾಯ ಇದೆ ಅಂತಾದರೆ ಸುಮ್ಮನಿರುವ ಹಕ್ಕು ನಿನಗಿಲ್ಲ. ಆಗ ಕಾನೂನಿನ ಸಹಾಯ ತಗೋ. ಅಂಥದ್ದನ್ನು ಮುಚ್ಚಿಡಲು ಆಗುವುದಿಲ್ಲ ಅಂತ ಜನರಿಗೆ ಮೊದಲೇ ಹೇಳಿರು. ಗಂಡನ ಕೈಯಲ್ಲಿ ಏಟು ತಿಂದು ಬಂದ ಹೆಂಗಸನ್ನು "ತಾಳಿಕೋ, ಪ್ರಾರ್ಥನೆ ಮಾಡು" ಅಂತ ವಾಪಸ್ ಕಳಿಸಬೇಡ. ಹಾಗೆ ಕಳಿಸಿದವರು ಮತ್ತೆ ನಮ್ಮ ಆಸ್ಪತ್ರೆಗೇ ಬರುತ್ತಾರೆ. ಮೊದಲು ಅವಳಿಗೂ ಮಕ್ಕಳಿಗೂ ಸುರಕ್ಷಿತವಾದ ಜಾಗ ಸಿಗಬೇಕು. ಕ್ಷಮೆಯ ಮಾತು, ರಾಜಿಯ ಮಾತು ಎಲ್ಲ ಆಮೇಲೆ.

ವಯಸ್ಸಾದ ಹೆಂಗಸರನ್ನು ತಾಯಂದಿರಂತೆ, ಹರೆಯದವರನ್ನು ಪೂರ್ಣ ಶುದ್ಧಭಾವದಿಂದ ಅಕ್ಕತಂಗಿಯರಂತೆ ಕಾಣು ಅಂತ ಪೌಲ ತಿಮೊಥೆಗೆ ಬರೆದ. ಮುಚ್ಚಿದ ಬಾಗಿಲ ಹಿಂದೆ ಒಬ್ಬರೇ ಕೂತು ಸಲಹೆ ಕೊಡಬೇಡ. ಕಾಣಿಕೆ ಹಣವನ್ನೂ ಒಬ್ಬನೇ ಮುಟ್ಟಬೇಡ. ಪೌಲನೇ ಸಭೆಗಳು ಕೊಟ್ಟ ಕಾಣಿಕೆ ಹಣ ಒಯ್ಯಲು ಬೇರೆಯವರನ್ನು ಜೊತೆಗೆ ಸೇರಿಸಿದ.

ತಪ್ಪು ಮಾಡಿದವರ ವಿಷಯ ಕಷ್ಟದ್ದೇ. ಮತ್ತಾಯ 18ರಲ್ಲಿ ಹೇಳಿದ ಹಾಗೆ ಮೊದಲು ಒಬ್ಬನೇ ಹೋಗಿ, ಅವರೊಬ್ಬರಿಗೇ ಹೇಳು. ಪೀಠದಿಂದ ಚುಚ್ಚಬೇಡ. ಸಿಟ್ಟು ಬಂದ ದಿನ ಹೋಗಬೇಡ. ಗಲಾತ್ಯದವರಿಗೆ ಪೌಲ ಬರೆದದ್ದು ಶಾಂತಭಾವದಿಂದ ಸರಿಪಡಿಸಿ ಅಂತ. ನೀನೂ ಶೋಧನೆಗೆ ಒಳಗಾಗದಂತೆ ನೋಡಿಕೋ ಅಂತಲೂ ಅದೇ ವಚನದಲ್ಲಿದೆ.

ಇಷ್ಟೆಲ್ಲ ಓದಿ ನಿನಗೆ ಎದೆ ಭಾರ ಆಗಿರಬಹುದು. ಇದನ್ನೆಲ್ಲ ನೀನೊಬ್ಬನೇ ಮಾಡಬೇಕು ಅಂತ ಯಾರು ಹೇಳಿದರು? ಮೋಶೆ ಬೆಳಿಗ್ಗೆಯಿಂದ ಸಂಜೆವರೆಗೆ ಜನರ ವ್ಯಾಜ್ಯ ಕೇಳುತ್ತಾ ಕೂತಿದ್ದನ್ನು ನೋಡಿ ಅವನ ಮಾವ ಇತ್ರೋ, ನೀನು ಮಾಡುವುದು ಸರಿಯಲ್ಲ, ನೀನೂ ದಣಿಯುತ್ತೀ, ಜನರೂ ದಣಿಯುತ್ತಾರೆ ಅಂದ. ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬರನ್ನು ನೇಮಿಸಲು ಹೇಳಿದ. ಯೆರೂಸಲೇಮಿನಲ್ಲಿ ವಿಧವೆಯರ ಊಟದ ವಿಷಯಕ್ಕೆ ಗುಣುಗುಟ್ಟುವಿಕೆ ಎದ್ದಾಗ ಅಪೊಸ್ತಲರು ಏಳು ಜನರನ್ನು ನೇಮಿಸಿದರು. ನಿನ್ನ ಸಭೆಯಲ್ಲೂ ಹತ್ತು ಮನೆಗಳನ್ನು ನೋಡಿಕೊಳ್ಳಬಲ್ಲ ಹಿರಿಯರು, ಅದರಲ್ಲೂ ಹೆಂಗಸರು, ಖಂಡಿತ ಇರುತ್ತಾರೆ. ವಿಧವೆಯ ನೋವು ಇನ್ನೊಬ್ಬ ವಿಧವೆಗೆ ಅರ್ಥವಾಗುವಷ್ಟು ನಿನಗೆ ಅರ್ಥವಾಗುವುದಿಲ್ಲ. ಅವರಿಗೆ ಕೆಲಸ ಒಪ್ಪಿಸು, ತಿಂಗಳಿಗೊಮ್ಮೆ ಕೂತು ಯಾರ ಮನೆಯಲ್ಲಿ ಏನು ಅಂತ ವಿಚಾರಿಸು.

ವಾರದಲ್ಲಿ ಒಂದು ದಿನ ರಜೆ ತಗೋ. ಶಿಷ್ಯರಿಗೆ ಊಟ ಮಾಡಲೂ ಬಿಡುವಿಲ್ಲದಷ್ಟು ಜನ ಬಂದಾಗ ಯೇಸುವೇ, ಬನ್ನಿ, ಸ್ವಲ್ಪ ದಣಿವಾರಿಸಿಕೊಳ್ಳಿ ಅಂದದ್ದು. ನಿನ್ನ ಹೆಂಡತಿ, ಮಕ್ಕಳು ಕೂಡ ನಿನ್ನ ಸಭೆಯವರೇ. ಅವರ ಹೆಸರೂ ಆ ನೋಟ್‌ಬುಕ್ಕಿನಲ್ಲಿರಲಿ. ನಿನ್ನ ಸಭೆಗೆ ಸೇರದ ಒಬ್ಬ ಹಿರಿಯ ಪಾಸ್ಟರನ್ನು ಹುಡುಕಿಕೋ. ನಿನ್ನ ಭಯ, ಆಯಾಸ, ಕೋಪ ಎಲ್ಲ ಅವರ ಹತ್ತಿರ ಹೇಳಿಕೊಳ್ಳುವಂತಿರಬೇಕು. ಅಪ್ಪನ ಹತ್ತಿರ ಎಲ್ಲವನ್ನೂ ಹೇಳಲು ಆಗುವುದಿಲ್ಲ, ನನಗೆ ಗೊತ್ತು. ಅಪ್ಪ ಇದನ್ನು ಓದಿ ಬೇಜಾರು ಮಾಡಿಕೊಳ್ಳುವುದಿಲ್ಲ ಅಂದುಕೊಂಡಿದ್ದೇನೆ.

ಯಾವ ದಿನ ರಜೆ ಅಂತ ಗೊತ್ತುಮಾಡಿ ನನಗೆ ತಿಳಿಸು, ಆ ದಿನವೇ ಫೋನ್ ಮಾಡುತ್ತೇನೆ. ಸಭೆಯಲ್ಲಿ ಈಗ ಹಾಸಿಗೆ ಹಿಡಿದವರು ಯಾರಾದರೂ ಇದ್ದರೆ ಅವರ ಹೆಸರು ಬರೆದು ಕಳಿಸು. ಕಾಯಿಲೆ ಏನು ಅಂತ ಅವರ ಒಪ್ಪಿಗೆ ಇಲ್ಲದೆ ಬರೆಯಬೇಡ. ಹೆಸರು ಗೊತ್ತಿದ್ದರೆ ಪ್ರಾರ್ಥನೆಗೆ ನನಗೆ ಅಷ್ಟು ಸಾಕು.

ಅಮ್ಮನಿಗೆ ಮೊಣಕಾಲಿನ ವ್ಯಾಯಾಮ ಬಿಡಬೇಡಿ ಅಂತ ಹೇಳು. ಮಕ್ಕಳಿಗೆ ಮುತ್ತು.

ಇಂತಿ,
ನಿನ್ನ ಅಕ್ಕ