ಮಗು ಮಲಗಿರೋ ಒಂದೂವರೆ ಗಂಟೆ ಯಾರದ್ದು?

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರ್ ನಾನು ಮದ್ವೆ ಆಗಿ ಈ ಮನೆಗೆ ಬರೋಕೂ ಮುಂಚಿನಿಂದ ಬರ್ತಿದೆ, ನಾನು ಮೊದಲು ತೆಗೆಯೋದು ಪದಬಂಧ, ಅದನ್ನ ತುಂಬಿಸಿದ ಮೇಲೇನೇ ಮುಖಪುಟ. ಮಗ ಹುಟ್ಟಿದ್ಮೇಲೆ ಒಂದು ವರ್ಷಕ್ಕೂ ಜಾಸ್ತಿ ಆ ಪುಟ ಖಾಲಿನೇ ಹೋಗಿ ಅಡುಗೆಮನೆ ಶೆಲ್ಫಿಗೆ ಹಾಸೋಕೆ ಬಳಕೆ ಆಯ್ತು. ಈ ಪತ್ರ ಹಾಗೆ ಕೈತಪ್ಪಿ ಹೋದ ನನ್ನ ಹೊತ್ತಿನ ಬಗ್ಗೇನೇ, ಕೊನೇಲಿ ನಮ್ಮ ಪಾರ್ಕಿನ ಬಗ್ಗೆ ಒಂದು ಸಣ್ಣ ಕೋರಿಕೇನೂ ಇದೆ. ಇದೇನು ಪೇಪರಿಗೆ ಬರೆಯೋ ವಿಷಯನಾ ಅಂತ ನಮ್ಮನೆಯವರು ಕೇಳಿದ್ರು, ಆದ್ರೆ ಕುವೆಂಪುನಗರದ ನಮ್ಮ ಒಂದೇ ರಸ್ತೇಲಿ ಮೂರು ವರ್ಷದೊಳಗಿನ ಮಕ್ಕಳಿರೋ ಮನೆ ಐದಿವೆ, ಐದರಲ್ಲೂ ಇದೇ ಕಥೆ.

ಬಾಣಂತನಕ್ಕೆ ಮಂಡ್ಯ ಹತ್ರ ತವರಲ್ಲಿದ್ದ ಮೂರು ತಿಂಗಳು ನನ್ನ ಚೆನ್ನಾಗಿ ನೋಡ್ಕೊಂಡ್ರು, ಎಣ್ಣೆ ಹಚ್ಚಿ ಬಿಸಿ ಬಿಸಿ ನೀರು ಹುಯ್ಯೋದು, ಸಾಂಬ್ರಾಣಿ, ಬೆಳ್ಳುಳ್ಳಿ ಸಾರು, ಒಂದು ಲೋಟ ಎತ್ತಿಡೋಕೂ ಬಿಡ್ತಿರ್ಲಿಲ್ಲ. ಮೈಸೂರಿಗೆ ವಾಪಸ್ ಬಂದಿದ್ದೇ ತಡ, ಮಗು ಊಟ ಮಾಡ್ತಾ, ಮಗು ಮಲಗ್ತಾ, ಮಗು ತೂಕ ಎಷ್ಟು, ಎಲ್ಲ ಮಗೂದೇ. ನಿಂದು ಊಟ ಆಯ್ತೇನವ್ವ ಅಂತ ಕೇಳೋದು ಬೆಳಿಗ್ಗೆ ಸೊಪ್ಪು ತರೋ ಅಜ್ಜಿ ಒಬ್ರೇ.

ಮಗನಿಗೀಗ ಒಂದು ವರ್ಷ ಹತ್ತು ತಿಂಗಳು. ಮೊದಲು ಅವನ ನಿದ್ದೆಗೆ ತಲೆ ಬುಡ ಇರ್ಲಿಲ್ಲ, ಒಂದಿನ ಹನ್ನೊಂದಕ್ಕೆ ಮಲಗಿದ್ರೆ ಇನ್ನೊಂದಿನ ಸಾಯಂಕಾಲ ನಾಲ್ಕಕ್ಕೆ, ನಾಲ್ಕಕ್ಕೆ ಮಲಗಿದ ದಿನ ರಾತ್ರಿ ಹನ್ನೊಂದಾದ್ರೂ ಹಾಲಲ್ಲಿ ಕಾರು ಓಡಿಸ್ತಿರೋನು, ಹಿಂದೆ ನಾನು ದೆವ್ವದ ಥರ ಓಡಾಡ್ತಿದ್ದೆ. ನಾವು ತೋರಿಸೋ ಮಕ್ಕಳ ಡಾಕ್ಟ್ರು ಒಂದೇ ಮಾತು ಹೇಳಿದ್ರು, ಮಲಗಿಸೋ ಟೈಮ್ ನಿಮ್ಮ ಕೈಲಿಲ್ಲ ಕಣಮ್ಮ, ಏಳಿಸೋ ಟೈಮ್ ನಿಮ್ಮ ಕೈಲಿದೆ, ಅಲ್ಲಿಂದ ಶುರು ಮಾಡಿ ಅಂತ. ಸರಿ ಅಂತ ಏನೇ ಆದ್ರೂ ಆರೂಮುಕ್ಕಾಲಿಗೆ ಕರ್ಟನ್ ಸರಿಸೋಕೆ ಶುರು ಮಾಡಿದೆ, ಭಾನುವಾರ ಸೇರಿ. ಎಂಟೂಕಾಲಿಗೆ ರಾಗಿ ಸರಿ ಇಲ್ಲಾ ದೋಸೆ, ಒಂಬತ್ತೂವರೆಯಿಂದ ಹೊರಗಡೆ ಓಟ, ಹನ್ನೊಂದೂಮುಕ್ಕಾಲಿಗೆ ಅನ್ನ ತೊವ್ವೆ ತುಪ್ಪ, ಹನ್ನೆರಡೂವರೆಗೆ ಪರದೆ ಎಳೆದು ಮಲಗಿಸೋದು, ರಾತ್ರಿ ಏಳಕ್ಕೆ ಊಟ, ಎಂಟಕ್ಕೆ ಲೈಟ್ ಆಫ್. ಮೊದಲ ವಾರ ಇಬ್ಬರೂ ಅತ್ತಿದ್ದೀವಿ, ಸುಳ್ಳು ಯಾಕೆ ಹೇಳ್ಲಿ. ಮೂರನೇ ವಾರಕ್ಕೆ ಹನ್ನೆರಡೂಕಾಲಿಗೆ ಅವನೇ ಕಣ್ಣುಜ್ಜೋಕೆ ಶುರು ಮಾಡಿದ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರೋ ಪ್ರಕಾರ ಈ ವಯಸ್ಸಿಗೆ ಹಗಲು ರಾತ್ರಿ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು, ನಮ್ಮವನದ್ದು ಈಗ ಹೆಚ್ಚುಕಮ್ಮಿ ಹನ್ನೆರಡೂಕಾಲು ಆಗುತ್ತೆ.

ಅಲ್ಲಿಗೆ ಎಲ್ಲ ಸರಿ ಹೋಯ್ತು ಅನ್ಕೊಂಡ್ರೆ ಇಲ್ಲ. ಅವನಿಗೆ ಟೈಮ್‌ಟೇಬಲ್ ಬಂತು, ನನಗೆ ಬರ್ಲಿಲ್ಲ. ಅವನು ಮಲಗಿದ ತಕ್ಷಣ ನಾನು ಪಾತ್ರೆಗೆ ಓಡೋದು, ಒಣಗಿದ ಬಟ್ಟೆ ಮಡಿಸೋದು, ದೋಸೆಗೆ ನೆನೆ ಹಾಕೋದು, ಕರೆಂಟ್ ಬಿಲ್ ಕಟ್ಟೋದು, ಒಲೆ ಒರೆಸೋಷ್ಟರಲ್ಲಿ ಅಮ್ಮಾ ಅಂತ ಕೂಗು. ಮಗು ಮಲಗಿದ್ಯಲ್ಲ ಫ್ರೀ ಇದ್ದೀಯಾ ಅಂತ ಫೋನ್ ಬೇರೆ! ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೇಲಿ ಮನೆಗೆಲಸ ಮಾಡೋರಲ್ಲಿ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಅಂತ ಬಂದಿತ್ತು. ಅದನ್ನ ಊಟದ ಹೊತ್ತಲ್ಲಿ ನಮ್ಮನೆಯವರಿಗೆ ಓದಿ ಹೇಳಿದೆ, 88 ನಿಮಿಷ ಯಾರಪ್ಪ ಮಾಡೋದು ಅಂತ ಅವರೇ ಆಶ್ಚರ್ಯ ಪಟ್ರು.

ಆಮೇಲೆ ಒಂದಿನ ಲೆಕ್ಕ ಉಲ್ಟಾ ಮಾಡಿದೆ. ಕೆಲಸ ಎಲ್ಲ ಅವನು ಎದ್ದಿರೋವಾಗ, ಅವನನ್ನೂ ಸೇರಿಸ್ಕೊಂಡು. ಬಟ್ಟೆ ಮಡಿಸೋವಾಗ ಸಾಕ್ಸ್ ಜೋಡಿ ಹುಡುಕೋದು ಅವನ ಕೆಲಸ, ಮಾರ್ಕೆಟ್ ಬ್ಯಾಗಿಂದ ಆಲೂಗಡ್ಡೆ ಒಂದೊಂದೇ ಎತ್ತಿ ಬುಟ್ಟಿಗೆ ಹಾಕೋದೂ ಅವನೇ, ಒಂದು ಕೆಜಿ ಆಲೂಗಡ್ಡೆಗೆ ಇಪ್ಪತ್ತು ನಿಮಿಷ, ಅಷ್ಟರಲ್ಲಿ ನನ್ನ ಸಾರು ಕುದಿಯುತ್ತೆ. ಡಿಸೆಂಬರಲ್ಲಿ ಅವರೆಕಾಯಿ ಬಿಡಿಸೋಕೂ ಕೂರಿಸ್ಕೊಂಡಿದ್ದೆ, ಒಂದು ಕಾಳು ಮೂಗಿಗೆ ತುರುಕ್ಕೊಂಡು ಕ್ಲಿನಿಕ್ಕಿಗೆ ಓಡಿದ್ದಾಯ್ತು, ಆದ್ರಿಂದ ಕಾಳು ಬೀಜ ಮಾತ್ರ ಯಾರೂ ಈ ವಯಸ್ಸಿಗೆ ಕೊಡ್ಬೇಡಿ. ಮನೆ ಕೊಳೆ ಆಗುತ್ತೆ, ಕೆಲಸ ನಿಧಾನ, ಒಪ್ಕೋತೀನಿ. ಆದ್ರೆ ಹನ್ನೆರಡೂವರೆಯಿಂದ ಎರಡು ಗಂಟೆ ತನಕ ನಾನು ಅಡುಗೆಮನೆಗೆ ಕಾಲಿಡಲ್ಲ, ಸಿಂಕಲ್ಲಿ ಪಾತ್ರೆ ಇದ್ರೆ ಇರ್ಲಿ. ಫೋನ್ ಸೈಲೆಂಟು, ಕಾಲಿಂಗ್ ಬೆಲ್ ಸ್ವಿಚ್ ಆಫ್. ಹಳೇ ಪೇಪರ್ ಹಳೇ ಕಬ್ಬಿಣ ಅಂತ ಮೈಕ್ ಹಾಕ್ಕೊಂಡು ಬರೋ ಆಟೋದವ್ರಿಗೆ ಮಾತ್ರ ಏನೂ ಮಾಡೋಕಾಗ್ಲಿಲ್ಲ.

ಈ ಮಾತನ್ನ ಅಮ್ಮನಿಗೆ ಹೇಳಿದ್ರೆ, ಅದೇನವ್ವ ಟೇಮು ಗೀಮು, ನಾವು ನಾಲ್ಕು ಮಕ್ಳು ಸಾಕ್ನಿಲ್ವಾ ಅಂತಾರೆ. ಸಾಕಿದ್ರು ನಿಜ, ಆದ್ರೆ ಅಮ್ಮ ಗದ್ದೆಗೆ ಹೋದಾಗ ಎತ್ಕೊಳ್ಳೋಕೆ ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆ ಅಕ್ಕ ಇದ್ರು, ಮರಕ್ಕೆ ಸೀರೆ ಜೋಲಿ ಕಟ್ಟಿ ತೂಗೋಕೆ ಯಾರೋ ಒಬ್ರು ಇದ್ದೇ ಇರ್ತಿದ್ರು. ನಮ್ಮಲ್ಲಿ ಅತ್ತೆ ಇದ್ದಾರೆ, ಆದ್ರೆ ಅವರಿಗೂ ಅರವತ್ತಾರು, ಮಂಡಿ ನೋವು, ಅವರನ್ನ ಸಂಬಳ ಇಲ್ಲದ ಆಯಾ ಮಾಡೋದೂ ನ್ಯಾಯ ಅಲ್ಲ. ಆದ್ರಿಂದ ನಾವು ಹೀಗೆ ಹಂಚ್ಕೊಂಡ್ವಿ, ಮಧ್ಯಾಹ್ನ ನಂದು, ಸಾಯಂಕಾಲದ ಸೀರಿಯಲ್ ಹೊತ್ತು ಪೂರ್ತಿ ಅತ್ತೇದು, ರಾತ್ರಿ ಊಟ ಮಾಡಿಸಿ ಮಲಗಿಸೋದು ನಮ್ಮನೆಯವರದ್ದು. ಅವರು ಮೊದಲೆಲ್ಲ ಎಂಟಕ್ಕೆ ಮನೆಗೆ ಬಂದು, ಇನ್ನೇನು ಕಣ್ಮುಚ್ತಿದ್ದ ಮಗನ್ನ ಎತ್ತಿ ಮೇಲಕ್ಕೆಸೆದು ಆಟ ಆಡ್ಸೋರು, ಮಲಗಿಸೋ ಕೆಲಸ ತಮ್ಮ ತಲೆಗೇ ಬಂದ್ಮೇಲೆ ತಾವಾಗೇ ಏಳಕ್ಕೆ ಬರೋಕೆ ಶುರು ಮಾಡಿದ್ರು.

ನಂದು ಸುಲಭದ ಕಥೆ ಅನ್ನೋದೂ ನನಗೆ ಗೊತ್ತು. ರಾಜ್ಯದಲ್ಲಿ ಅಂಗನವಾಡಿ ಯೋಜನೆ ಮೊದಲು ಶುರುವಾಗಿದ್ದೇ ನಮ್ಮ ಜಿಲ್ಲೆ ತಿ. ನರಸೀಪುರದಲ್ಲಿ, 1975ರ ಅಕ್ಟೋಬರ್ 2ಕ್ಕೆ. ಆದ್ರೆ ಅಲ್ಲಿ ಮಕ್ಕಳನ್ನ ಕೂರಿಸಿ ಕಲಿಸೋದು ಮೂರು ವರ್ಷ ತುಂಬಿದ ಮೇಲೆ. ಹಳ್ಳಿ ಕಡೆ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗೋರ ಸಣ್ಣ ಮಕ್ಕಳನ್ನ ಹಗಲು ನೋಡ್ಕೊಳ್ಳೋಕೆ ಪಂಚಾಯ್ತಿಯಿಂದ ಕೂಸಿನ ಮನೆ ಅಂತ ಬಂದಿದೆ, ಒಳ್ಳೇ ಹೆಸರು, ಒಳ್ಳೇ ಕೆಲಸ. ಆದ್ರೆ ಪಕ್ಕದ ರಸ್ತೆ ಮನೆಗಳಿಗೆ ಕೆಲಸಕ್ಕೆ ಬರೋ ಹುಡುಗಿ ಒಂದೂವರೆ ವರ್ಷದ ಮಗೂನ ಗೇಟ್ ಹತ್ರ ಕೂರಿಸಿ ಕೈಗೆ ಮೊಬೈಲ್ ಕೊಟ್ಟು ಒಳಗೆ ಪಾತ್ರೆ ತೊಳೀತಾಳೆ. ಅವಳಿಗೆ ಯಾವ ಬಾಯಲ್ಲಿ ಈ ವಯಸ್ಸಿಗೆ ಮೊಬೈಲ್ ಕೊಡ್ಬಾರ್ದು ಅಂತ ಹೇಳೋದು?

ದೊಡ್ಡದೆಲ್ಲ ಸರ್ಕಾರ ನೋಡ್ಕೊಳ್ಳಲಿ, ನಾನು ಕೇಳೋಕೆ ಹೊರಟಿದ್ದು ಸಣ್ಣದು. ಮಗು ಮಧ್ಯಾಹ್ನ ಮಲಗ್ಬೇಕು ಅಂದ್ರೆ ಬೆಳಿಗ್ಗೆ ಓಡ್ಬೇಕು, ದಿನಕ್ಕೆ ಮೂರು ಗಂಟೆನಾದ್ರೂ ಮೈ ಆಡಿಸ್ಬೇಕು ಅಂತ ಅದೇ ವಿಶ್ವ ಆರೋಗ್ಯ ಸಂಸ್ಥೆಯೋರೇ ಹೇಳ್ತಾರೆ. ನಮ್ಮ ಬಡಾವಣೆ ಪಾರ್ಕಿಗೆ ಸರಿಯಾಗಿ ಹತ್ತಕ್ಕೆ ಸೀಟಿ ಊದಿ ಬೀಗ ಹಾಕ್ತಾರೆ, ಮತ್ತೆ ತೆಗೆಯೋದು ನಾಲ್ಕಕ್ಕೆ. ವಾಕಿಂಗ್ ಮಾಡೋರು ಎಂಟಕ್ಕೇ ಮನೆ ಸೇರಿರ್ತಾರೆ, ಹತ್ತು ಗಂಟೆಗೆ ಒಳಗಿರೋದು ನಾವು ನಾಲ್ಕೈದು ಜನ ತಾಯಂದಿರು, ಮಕ್ಕಳು, ಒಂದಿಬ್ಬರು ಅಜ್ಜಿಯರು. ಜಾರುಬಂಡೆ ಹತ್ತಿ ಇನ್ನೇನು ಜಾರ್ಬೇಕು ಅನ್ನೋ ಹೊತ್ತಿಗೆ ಸೀಟಿ. ಹೊರಗಡೆ ರಸ್ತೇಲಿ ಆಡ್ಸೋಣ ಅಂದ್ರೆ ಗಾಡಿಗಳು. ವಾಚ್‌ಮನ್ ತಾತನ್ನ ಕೇಳಿದ್ರೆ ಮೇಲಿನವರ ಆರ್ಡರ್ ಕಣಮ್ಮ ಅಂತಾರೆ, ಮೇಲಿನವರು ಯಾರು ಅಂತ ಅವರಿಗೂ ಗೊತ್ತಿಲ್ಲ. ಪೂರ್ತಿ ದಿನ ತೆಗೆದಿಡಿ ಅಂತ ಕೇಳ್ತಿಲ್ಲ, ಹನ್ನೊಂದೂವರೆ ತನಕ ಸಾಕು, ಬೇಕಿದ್ರೆ ಬೀಗ ಹಾಕೋ ಜವಾಬ್ದಾರಿ ನಾವೇ ಸರದಿ ಪ್ರಕಾರ ತಗೋತೀವಿ, ಕೀ ಎಲ್ಲಿ ಕೊಡ್ಬೇಕು ಅಂತ ಹೇಳಿದ್ರೆ ಕೊಟ್ಟು ಬರ್ತೀವಿ.

ಇಂತಿ,
ಪದಬಂಧದ ಓದುಗಿ,
ಕುವೆಂಪುನಗರ, ಮೈಸೂರು