ಕರ್ನಲ್ ಸುಬ್ಬಯ್ಯ ಬರೀ ‘ಪೋಷಕ ಪಾತ್ರ’ ಅಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಅನಂತ್ ನಾಗ್ ಅವರ ಬಗ್ಗೆ ಬಂದ ಲೇಖನ ಓದಿದೆ. ಮುಕ್ಕಾಲು ಪುಟ ಇದೆ, ಫೋಟೊಗಳೂ ಚೆನ್ನಾಗಿವೆ. ಆದರೆ 1973ರಿಂದ 1995ರವರೆಗಿನ ಕಥೆಯನ್ನು ಉದ್ದಕ್ಕೆ ಹೇಳಿದವರು ಆಮೇಲಿನದನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ‘ನಂತರ ಪೋಷಕ ಪಾತ್ರಗಳಿಗೆ ಸರಿದರು’ ಅಂತ. ಸರಿದರಂತೆ! ಆ ಒಂದು ಪದಕ್ಕಾಗಿಯೇ ಈ ಪತ್ರ.

ನಾನು ಸೋಮವಾರಪೇಟೆಯವಳು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಿಯಾದವಳು. ನಮ್ಮ ಯಜಮಾನರು ಮಿಲಿಟರಿಯಲ್ಲಿದ್ದರು, ಆರ್ಟಿಲರಿಯಲ್ಲಿ. ಫಿರಂಗಿ ಸದ್ದಿಗೆ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ. ಪೆನ್ಷನ್ ಜೊತೆಗೆ ಸರ್ಕಾರ ಕೊಟ್ಟ ಬೋನಸ್ಸು ಅಂತ ಅವರೇ ತಮಾಷೆ ಮಾಡುತ್ತಾರೆ. ಕೊಡಗಿನಲ್ಲಿ ಇದೇನು ಹೊಸದಲ್ಲ. ಕಾರ್ಯಪ್ಪ, ತಿಮ್ಮಯ್ಯ ಅವರ ಹೆಸರು ದೇಶಕ್ಕೆಲ್ಲ ಗೊತ್ತು. ಆದರೆ ಮದುವೆ ಮನೆಯ ಮೂಲೆಯಲ್ಲಿ ಕೂತು, ಯಾರೋ ಏನೋ ಅಂದಿದ್ದಕ್ಕೆ ಸುಮ್ನೆ ನಗುವ ಸುಬೇದಾರರು, ಹವಲ್ದಾರರು ಇಲ್ಲಿ ಊರಿಗೆ ನಾಲ್ಕು ಜನ ಸಿಗುತ್ತಾರೆ.

‘ಮುಂಗಾರು ಮಳೆ’ ತೆರೆಗೆ ಬಂದದ್ದು 2006ರ ಡಿಸೆಂಬರ್ ಕೊನೆಯಲ್ಲಿ. ಕಾಫಿ ಕೊಯ್ಲು ಇನ್ನೂ ಮುಗಿದಿರಲಿಲ್ಲ. ಆದರೂ ಒಂದು ಭಾನುವಾರ ಬಸ್ಸು ಹತ್ತಿ ಮಡಿಕೇರಿಗೆ ಹೋಗಿ ನೋಡಿದೆವು. ಎಲ್ಲರೂ ಗಣೇಶ್, ಪೂಜಾ ಗಾಂಧಿ, ಮೊಲ, ಮಳೆ ಅಂತ ಮಾತಾಡುತ್ತಿದ್ದರು. ಮಳೆ ನೋಡೋಕೆ ನಾವು ದುಡ್ಡು ಕೊಡಬೇಕಾ ಅಂತ ನನಗೆ ನಗು. ಆದರೆ ಅದರಲ್ಲಿ ಮಡಿಕೇರಿಯ ಕರ್ನಲ್ ಸುಬ್ಬಯ್ಯ ಇದ್ದಾರಲ್ಲ, ಅವರಿಗೂ ಕಿವಿ ಕೇಳಿಸುವುದು ಅಷ್ಟಕ್ಕಷ್ಟೇ. ಆ ಪಾತ್ರ ಮಾಡಿದ ಅನಂತ್ ನಾಗ್ ಅವರಿಗೆ ಆಗ 58 ವರ್ಷ.

ಕಿವಿ ಕೇಳದವರ ಪಾತ್ರ ಅಂದರೆ ನಮ್ಮ ಸಿನಿಮಾಗಳಲ್ಲಿ ಒಂದು ಹಳೇ ಪದ್ಧತಿ ಇದೆ. ಕಿವಿಗೆ ಅಂಗೈ ಹಿಡಿದು ‘ಆಂ?’ ಅಂತ ಕಿರುಚೋದು, ಜನ ನಗೋದು. ಇಲ್ಲೂ ಅದು ನಗಿಸೋಕೇ ಇಟ್ಟದ್ದು, ಒಪ್ಪುತ್ತೇನೆ. ಆದರೆ ಅಂಥವರ ಜೊತೆ ಸಂಸಾರ ಮಾಡಿದವರಿಗೆ ಗೊತ್ತು, ಅವರು ಹಾಗೆಲ್ಲ ಕಿರುಚುವುದಿಲ್ಲ. ಮುಖ ನೋಡುತ್ತಾರೆ. ತುಟಿ ನೋಡುತ್ತಾರೆ. ಅರ್ಥವಾಗದಿದ್ದರೂ ಪೂರ್ತಿ ಧೈರ್ಯದಿಂದ ಏನೋ ಒಂದು ಉತ್ತರ ಕೊಡುತ್ತಾರೆ. ಆ ಧೈರ್ಯ ಸುಬ್ಬಯ್ಯನವರಲ್ಲಿ ಹಾಗ್‌ಹಾಗೇ ಇತ್ತು. ಮಗಳ ಮದುವೆಗೆ ಒಂದು ವಾರ ಇದೆ, ಹೃದಯದ ಕಾಯಿಲೆ ಬೇರೆ, ಎದುರಿಗಿರುವ ಹುಡುಗ ಅದೇ ಮಗಳನ್ನು ಪ್ರೀತಿಸುತ್ತಿದ್ದಾನೆ. ಅದನ್ನರಿಯದೆ ಅವನನ್ನೇ ನಂಬುವ ಅಪ್ಪ. ಆ ನಂಬಿಕೆಯನ್ನು ಮುರಿಯೋಕಾಗದೆ ತಾನೇ ಹುಡುಗ ಬರಿಗೈಯಲ್ಲಿ ಹೋಗುವುದು? ಕರ್ನಲ್ ಪಾತ್ರ ಪೇಲವವಾಗಿದ್ದರೆ ಹುಡುಗನ ತ್ಯಾಗಕ್ಕೆ ಅರ್ಥವೇ ಇರುತ್ತಿರಲಿಲ್ಲ. ಯಾರು ಯಾರನ್ನು ಪೋಷಿಸಿದರು, ನೀವೇ ಹೇಳಿ.

ಸಿನಿಮಾ ಮುಗಿದು ಲೈಟ್ ಹತ್ತಿದಾಗ ಯಜಮಾನರು ಕೇಳಿದರು: ‘ಇವರಿಗೆ ನಿಜವಾಗ್ಲೂ ಕಿವಿ ಕೇಳಲ್ವಾ?’ ಟಾಕೀಸಿಗೆಲ್ಲ ಕೇಳಿಸುವ ಹಾಗೆ.

(ಒಂದು ದೂರೂ ಇದೆ. ಆ ಚಿತ್ರದ ದೊಡ್ಡ ಜಲಪಾತ ಎಲ್ಲಿ ಅಂತ ಕೇಳಿಕೊಂಡು ಬರುವ ಪ್ರವಾಸಿಗರಿಗೆ ಇವತ್ತಿಗೂ ಉತ್ತರ ಕೊಟ್ಟು ಸಾಕಾಗಿದೆ. ಅದು ಜೋಗ ಕಣಪ್ಪಾ, ಶಿವಮೊಗ್ಗ ಜಿಲ್ಲೆ ಅಂದರೆ ನಂಬುವುದೇ ಇಲ್ಲ.)

ಆಮೇಲೆ ಕೂತು ಯೋಚಿಸಿದಾಗ ನನಗೆ ಹೊಳೆದದ್ದು ಇಷ್ಟು. ಅನಂತ್ ನಾಗ್ ಮೊದಲಿನಿಂದಲೂ ಕೇಳಿಸಿಕೊಳ್ಳುವ ನಟ. ಡೈಲಾಗ್ ಹೊಡೆಯುವವರು ನಮ್ಮಲ್ಲಿ ಬೇಕಾದಷ್ಟು ಜನ. ಎದುರಿನವರ ಮಾತು ಮುಗಿಯುವವರೆಗೆ ಮುಖದಲ್ಲಿ ಬದುಕಿರುವವರು ಎಷ್ಟು ಜನ? 1975ರ ‘ಹಂಸಗೀತೆ’ಯಲ್ಲಿ ಅವರು ಸಂಗೀತಗಾರ. ಹಾಡಿದ್ದು ಬಾಲಮುರಳಿಕೃಷ್ಣ, ನಿಜ. ಆದರೆ ಆ ಸ್ವರವನ್ನು ಮೊದಲು ಕೇಳಿಸಿಕೊಂಡವರು ಇವರೇ ಅನ್ನಿಸುತ್ತದೆ. 1995ರ ‘ಬೆಳದಿಂಗಳ ಬಾಲೆ’ಯನ್ನಂತೂ ನಿಮ್ಮ ಲೇಖಕರು ಬಾಯಿತುಂಬ ಹೊಗಳಿದ್ದಾರೆ. ಅದರಲ್ಲಿ ಅವರು ಮಾಡುವುದೇನು? ಚೆಸ್ ಆಡುತ್ತಾರೆ, ಮಿಕ್ಕಂತೆ ಫೋನ್ ಕಿವಿಗಿಟ್ಟು ಮುಖವೇ ಕಾಣದ ಹುಡುಗಿಯ ಮಾತು ಕೇಳುತ್ತಾರೆ. ಫೋನಿನ ಈ ತುದಿಯನ್ನಷ್ಟೇ ನೋಡುತ್ತಾ ನಾವು ಆ ತುದಿಯವಳನ್ನು ಪ್ರೀತಿಸಿಬಿಟ್ಟೆವಲ್ಲ, ಅದು ಅವರ ಕಿವಿಯ ಮಹಿಮೆ.

ಹೀಗಿರುವಾಗ ಕಿವಿಯೇ ಕೇಳದ ಪಾತ್ರವನ್ನು ಇಂಥವರ ಕೈಗೆ ಕೊಟ್ಟದ್ದು ಒಳ್ಳೇ ತಮಾಷೆ ಅಲ್ವಾ?

ಅದಾಗಿ ಹತ್ತು ವರ್ಷಕ್ಕೆ, 2016ರಲ್ಲಿ, ಹೇಮಂತ್ ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’. ಮರೆವಿನ ಕಾಯಿಲೆಯ ವೆಂಕೋಬ ರಾವ್ ಕಾಣೆಯಾಗುತ್ತಾರೆ, ಮಗ ಹುಡುಕುತ್ತಾನೆ. ಚಿತ್ರದ ಈ ಹೆಸರು ಎಲ್ಲಿಂದ ಬಂತು ಅಂತ ಪತ್ರಿಕೆಯವರಿಗೆ ನಾನು ಹೇಳಬೇಕಾಗಿಲ್ಲ. ನಿಮ್ಮ ಒಳಪುಟದ ‘ಕಾಣೆಯಾಗಿದ್ದಾರೆ’ ಪ್ರಕಟಣೆಯ ಭಾಷೆ ಅದು. ಈಗಲೂ ಆ ಸಾಲು ಕಂಡರೆ ನಾನು ಪುಟ ತಿರುಗಿಸುವುದಿಲ್ಲ, ನಿಂತು ಮುಖ ನೋಡುತ್ತೇನೆ. ಇದರಲ್ಲಿ ಅವರಿಗೆ ಮಾತು ಕೇಳಿಸುತ್ತದೆ, ಆದರೆ ನಿಲ್ಲುವುದಿಲ್ಲ. ಕೇಳಿಸದ ಮುಖ ಬೇರೆ, ಕೇಳಿಸಿ ಜಾರಿಹೋಗುವ ಮುಖ ಬೇರೆ. ಎರಡನ್ನೂ ಒಬ್ಬರೇ ಮಾಡಿದ್ದಾರೆ, ಒಂದರ ನೆರಳು ಇನ್ನೊಂದರ ಮೇಲಿಲ್ಲ. 25ರ ವಯಸ್ಸಿನಲ್ಲಿ ಬೆನಗಲ್ ಅವರ ‘ಅಂಕುರ್’ನಲ್ಲಿ ಜಮೀನ್ದಾರನ ಹೇಡಿ ಮಗನಾಗಿದ್ದು ದೊಡ್ಡದೇ. ನನ್ನ ಪಾಲಿಗೆ 67ರ ವೆಂಕೋಬ ರಾವ್ ಅದಕ್ಕಿಂತ ಒಂದು ತೂಕ ಜಾಸ್ತಿ.

2019ರ ‘ಕವಲುದಾರಿ’ಯೂ ಅದೇ ನಿರ್ದೇಶಕರದು. ಹಳೇ ಕೇಸೊಂದರ ಭಾರ ಹೊತ್ತ ನಿವೃತ್ತ ಪೊಲೀಸ್. ಹೆಸರು ಮುತ್ತಣ್ಣ. ಸುಬ್ಬಯ್ಯ ಆಯಿತು, ಮುತ್ತಣ್ಣ ಆಯಿತು. ಎರಡೂ ನಮ್ಮ ಕಡೆ ಮನೆಮನೆಯಲ್ಲಿ ಕೂಗುವ ಹೆಸರು. ಇವರು ಕೊಂಕಣಿ ಮನೆಮಾತಿನವರು, ಮುಂಬೈ ನಾಟಕಗಳಲ್ಲಿ ಪಳಗಿದವರು ಅಂತ ಇಲ್ಲಿ ಯಾರಿಗೂ ನೆನಪಾಗುವುದಿಲ್ಲ.

ಮಲ್ಲೇಶ್ವರದ ಶಾಸಕರಾಗಿದ್ದು, ಜೆ.ಎಚ್. ಪಟೇಲರ ಸರ್ಕಾರದಲ್ಲಿ ಮಂತ್ರಿಯಾಗಿದ್ದು ಎಲ್ಲ ನಿಮ್ಮ ಲೇಖನದಲ್ಲಿದೆ. ಅದಕ್ಕೆ ಒಂದಿಡೀ ಪ್ಯಾರಾ! ಆ ಜಾಗದಲ್ಲಿ ಅರ್ಧವನ್ನು ವೆಂಕೋಬ ರಾಯರಿಗೆ ಕೊಡಬಹುದಿತ್ತು. 2025ರಲ್ಲಿ ಪದ್ಮಭೂಷಣ ಬಂತು ಅಂತ ಸಂತೋಷಪಟ್ಟಿದ್ದೀರಿ, ನಮಗೂ ಸಂತೋಷವೇ. ಆದರೆ ಅದಕ್ಕಾಗಿ ವರ್ಷಗಟ್ಟಲೆ ದನಿ ಎತ್ತಿದವರಲ್ಲಿ ‘ಹಂಸಗೀತೆ’ ಬಂದಾಗ ಹುಟ್ಟಿಯೇ ಇರದ ಮಕ್ಕಳು ಎಷ್ಟೋ ಜನ. ಅವರಿಗೆ ಅನಂತ್ ನಾಗ್ ಅಂದರೆ ಈ ಅಪ್ಪಂದಿರೇ.

ಸೆಪ್ಟೆಂಬರ್ 4 ಅವರ ಹುಟ್ಟುಹಬ್ಬ. ಅವತ್ತು ಮತ್ತೆ ಬರೆಯುತ್ತೀರಿ ಅಂದುಕೊಂಡಿದ್ದೇನೆ. ಬರೆದರೆ 2006ರಿಂದ ಶುರು ಮಾಡಿ. ‘ಸರಿದರು’ ಅನ್ನುವ ಪದ ಮಾತ್ರ ಬೇಡ.

ಈ ಪತ್ರ ಬರೆಯುವಾಗ ಯಜಮಾನರು ಬಂದು ಏನು ಬರೀತಿದ್ದೀಯ ಅಂತ ಕೇಳಿದರು. ‘ಅನಂತ್ ನಾಗ್’ ಅಂದೆ, ಗಟ್ಟಿಯಾಗೇ. ‘ಆನೆ ಬಂತಾ?’ ಅಂದವರೇ ಟಾರ್ಚ್ ಹುಡುಕಿಕೊಂಡು ತೋಟದ ಕಡೆ ಹೊರಟರು.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ
ಸೋಮವಾರಪೇಟೆ, ಕೊಡಗು ಜಿಲ್ಲೆ