ಆ ಮುದುಕಿ ಗಿಡಕ್ಕೆ ನೀರು ಹಾಕಿದ್ದು

ಪ್ರೀತಿಯ ಪುಟ್ಟಿ,

ಮೊನ್ನೆ ರಾತ್ರಿ ನೀನು ಕಳಿಸಿದ ಮೆಸೇಜು ಓದಿದೆ. "ಅಮ್ಮಾ, ಜಗತ್ತಿನ ಶ್ರೇಷ್ಠ ಸಿನಿಮಾಗಳ ಪಟ್ಟಿ ಹಿಡಿದು ನೋಡೋಕೆ ಶುರು ಮಾಡಿದೀನಿ. 'ಪಥೇರ್ ಪಾಂಚಾಲಿ' ಅರ್ಧ ಗಂಟೆ ನೋಡಿದೆ. ಏನೂ ನಡೆಯೋದೇ ಇಲ್ಲ. ಒಂದೂವರೆ ಸ್ಪೀಡಿಗೆ ಹಾಕಿದ್ರೂ ನೋಡೋಕಾಗ್ಲಿಲ್ಲ. ಇದನ್ನ ಯಾಕೆ ಕ್ಲಾಸಿಕ್ ಅಂತಾರೆ?" ಫೋನಿನಲ್ಲಿ ಎರಡು ಸಾಲು ಒತ್ತಿ ಮುಗಿಸುವ ಪ್ರಶ್ನೆ ಇದಲ್ಲ. ಅದಕ್ಕೇ ಕಾಗದ ಪೆನ್ನು ಹಿಡಿದು ಕೂತಿದ್ದೇನೆ.

ಸತ್ಯಜಿತ್ ರಾಯ್ ಮಾಡಿದ ಆ ಬಂಗಾಳಿ ಸಿನಿಮಾವನ್ನು ನಾನು ಮೊದಲು ನೋಡಿದ್ದು ಹನ್ನೊಂದನೇ ವಯಸ್ಸಿನಲ್ಲಿ. ಸಾಗರದ ಹತ್ತಿರ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜ ಶುರು ಮಾಡಿದ್ದರು. ದೇಶ ವಿದೇಶದ ಸಿನಿಮಾಗಳನ್ನು ತರಿಸಿ ಹಳ್ಳಿಯ ಜನರಿಗೆ ತೋರಿಸುತ್ತಿದ್ದರು. ಅಡಿಕೆ ಸುಲಿಯುವವರು, ಗದ್ದೆ ಕೆಲಸದವರು, ಶಾಲೆ ಮೇಷ್ಟ್ರು ಎಲ್ಲರೂ ಒಟ್ಟಿಗೆ ಕೂತು ನೋಡುತ್ತಿದ್ದರು. ನನ್ನನ್ನು ಕರೆದುಕೊಂಡು ಹೋದದ್ದು ನನ್ನ ಅಜ್ಜಿ. ಅವಳಿಗೆ ಓದಲು ಬರುತ್ತಿರಲಿಲ್ಲ. ಬಂಗಾಳಿ ಮೊದಲೇ ಗೊತ್ತಿಲ್ಲ. ಪರದೆಯ ಕೆಳಗೆ ಬರುತ್ತಿದ್ದ ಇಂಗ್ಲಿಷ್ ಸಾಲುಗಳು ನನಗೂ ತಿಳಿಯುತ್ತಿರಲಿಲ್ಲ. ಯಾರೋ ಒಬ್ಬರು ಮೊದಲಿಗೆ ಕನ್ನಡದಲ್ಲಿ ಕತೆ ಹೇಳಿದರು, ಅಷ್ಟೆ.

ವಾಪಸ್ ಬರುವಾಗ ಕತ್ತಲು. ನನ್ನ ತಲೆ ತುಂಬಾ ರೈಲೇ ಓಡುತ್ತಿತ್ತು. ಅಕ್ಕ ದುರ್ಗಾ, ತಮ್ಮ ಅಪು ಇಬ್ಬರೂ ಬಿಳಿ ಹೂವಿನ ಹುಲ್ಲಿನ ನಡುವೆ ಓಡಿ ಹೋಗಿ ನೋಡುತ್ತಾರಲ್ಲ, ಆ ರೈಲು. ಅಜ್ಜಿ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಯ ದಣಪೆ ದಾಟುವಾಗ ಕೇಳಿದಳು: "ಆ ಮುದುಕಿ ಕುಡಿದುಳಿದ ನೀರನ್ನ ಗಿಡಕ್ಕೆ ಹಾಕಿದ್ಲು. ನೋಡಿದ್ಯೇನೇ?"

ನಾನು ನೋಡಿರಲಿಲ್ಲ.

ನೀನೂ ನೋಡಿಲ್ಲ ಪುಟ್ಟಿ. ಅದು ನೀನು ನಿಲ್ಲಿಸಿದ ಮೇಲೆ ಬರುತ್ತದೆ. ಇಂದಿರ್ ಠಾಕುರುನ್ ಅಂತ ಒಬ್ಬ ಮುದುಕಿ. ದೂರದ ಸಂಬಂಧ, ಸ್ವಂತ ಮನೆ ಇಲ್ಲ. ಮನೆಯೊಡತಿ ಸರ್ಬಜಯಾಳಿಗೆ ಅವಳನ್ನು ಕಂಡರೆ ಆಗುವುದಿಲ್ಲ. ಸರ್ಬಜಯಾ ಕೆಟ್ಟವಳಲ್ಲ. ಮನೆಯಲ್ಲಿ ಮಕ್ಕಳಿಗೇ ಸರಿಯಾಗಿ ಊಟಕ್ಕಿಲ್ಲ. ಕೊನೆಯ ಸಲ ಮುದುಕಿ ಬಂದು, ಈ ಮನೆಯಲ್ಲೇ ಸಾಯುತ್ತೇನೆ ಅನ್ನುವ ಆಸೆಯಲ್ಲಿ ಕೂತುಕೊಳ್ಳುತ್ತಾಳೆ. ಜಾಗ ಸಿಗುವುದಿಲ್ಲ. ನೀರು ಕೇಳುತ್ತಾಳೆ. ಸರ್ಬಜಯಾ ಎದ್ದು ಕೊಡುವುದಿಲ್ಲ. ತಾನೇ ತೆಗೆದುಕೊಂಡು ಕುಡಿದು, ಉಳಿದದ್ದನ್ನು ಅಲ್ಲಿದ್ದ ಒಂದು ಪುಟ್ಟ ಗಿಡಕ್ಕೆ ಹಾಕಿ ಹೊರಟುಬಿಡುತ್ತಾಳೆ. ಸ್ವಲ್ಪ ಹೊತ್ತಿಗೆ, ರೈಲು ನೋಡಿ ಬರುವ ಮಕ್ಕಳಿಗೆ ಬಿದಿರು ಮೆಳೆಯ ಹತ್ತಿರ ಅವಳ ಹೆಣ ಸಿಗುತ್ತದೆ.

ಗಿಡಕ್ಕೆ ನೀರು ಹಾಕುವುದು ಕೆಲವೇ ಸೆಕೆಂಡು. ಸಂಗೀತ ಜೋರಾಗುವುದಿಲ್ಲ. ಅದರ ಬಗ್ಗೆ ಯಾರೂ ಒಂದು ಮಾತೂ ಆಡುವುದಿಲ್ಲ. ಇಲ್ನೋಡಿ, ಇಲ್ನೋಡಿ ಅಂತ ಸಿನಿಮಾ ನಮಗೆ ಬೆರಳು ಮಾಡಿ ತೋರಿಸುವುದಿಲ್ಲ. ಆದರೂ ಒಂದಕ್ಷರ ಬಾರದ ನನ್ನ ಅಜ್ಜಿಗೆ ಅದು ಕಂಡಿತು. ಅವಳು ಗಂಡ ತೀರಿಹೋದ ಮೇಲೆ ನಾಲ್ಕು ವರ್ಷ ಅಣ್ಣನ ಮನೆಯ ಜಗಲಿಯ ಮೂಲೆಯಲ್ಲಿ ದಿನ ಕಳೆದವಳು ಅನ್ನುವುದು ನನಗೆ ಗೊತ್ತಾದದ್ದು ಬಹಳ ವರ್ಷಗಳ ನಂತರ.

ನೀನು ಹಿಡಿದ ಪಟ್ಟಿ ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆಯದು ಅಲ್ವಾ? 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರನ್ನು ಕೇಳಿ ಮಾಡುತ್ತಾರೆ. ಒಳ್ಳೆಯ ಪಟ್ಟಿಯೇ, ಬೇಡ ಅನ್ನುವುದಿಲ್ಲ. ಆದರೆ ಅದರ ಒಂದನೇ ಸ್ಥಾನ ಹೇಗೆ ಬದಲಾಗಿದೆ ನೋಡು. ಮೊದಲ ಸಲ ಇಟಲಿಯ 'ಬೈಸಿಕಲ್ ಥೀವ್ಸ್'. ಆಗ ಆ ಸಿನಿಮಾಗೆ ಬರೀ ನಾಲ್ಕು ವರ್ಷ. 1962ರಿಂದ 2002ರವರೆಗೆ ಐದೂ ಸಲ 'ಸಿಟಿಜನ್ ಕೇನ್'. 2012ರಲ್ಲಿ 'ವರ್ಟಿಗೊ'. 2022ರಲ್ಲಿ ಬೆಲ್ಜಿಯಂನ ಶಾಂತಾಲ್ ಅಕರ್‌ಮನ್ 1975ರಲ್ಲಿ ಮಾಡಿದ 'ಜಾನ್ ಡೀಲ್ಮನ್'. ಹೆಂಗಸೊಬ್ಬಳು ಮಾಡಿದ ಸಿನಿಮಾ ಮೊದಲ ಸ್ಥಾನಕ್ಕೆ ಬಂದದ್ದು ಅದೇ ಮೊದಲು.

ಆ ಸಿನಿಮಾ ಮೂರು ಗಂಟೆ ಇಪ್ಪತ್ತು ನಿಮಿಷ ಇದೆ. ಒಬ್ಬ ವಿಧವೆ ಅಡುಗೆ ಮಾಡುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಹಾಸಿಗೆ ಸರಿಮಾಡುತ್ತಾಳೆ. ಆಲೂಗಡ್ಡೆ ಸುಲಿಯುವುದನ್ನು ಪೂರ್ತಿ ತೋರಿಸುತ್ತಾರೆ. ಅದನ್ನು ನೋಡುವಾಗ ನನಗೆ ಬೇಸರ ಬರಲಿಲ್ಲ, ಎದೆ ಹೊಡೆದುಕೊಂಡಿತು. ಒಂದು ದಿನ ಅವಳು ಆಲೂಗಡ್ಡೆ ಜಾಸ್ತಿ ಬೇಯಿಸಿಬಿಡುತ್ತಾಳೆ. ಅಷ್ಟಕ್ಕೇ ನಾವು ಹೆದರುತ್ತೇವೆ. ದಿನಾ ಒಂದೇ ಥರ ಕೆಲಸ ಮಾಡುವ ಕೈ ತಪ್ಪಿದೆ ಅಂದರೆ ಒಳಗೆ ಏನೋ ಆಗಿದೆ. ಮೂವತ್ತು ವರ್ಷ ಅಡುಗೆಮನೆಯಲ್ಲಿ ನಿಂತ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಈಗ 'ಪಥೇರ್ ಪಾಂಚಾಲಿ' ತಯಾರಾದ ಬಗೆಯನ್ನೂ ಸ್ವಲ್ಪ ಕೇಳು. ಸತ್ಯಜಿತ್ ರಾಯ್ ಕಲ್ಕತ್ತೆಯ ಒಂದು ಜಾಹೀರಾತು ಕಂಪನಿಯಲ್ಲಿ ಚಿತ್ರ ಬರೆಯುವ ಕೆಲಸದಲ್ಲಿದ್ದರು. 1950ರಲ್ಲಿ ಆಫೀಸಿನ ಕೆಲಸಕ್ಕೆ ಲಂಡನ್ನಿಗೆ ಹೋದಾಗ 'ಬೈಸಿಕಲ್ ಥೀವ್ಸ್' ನೋಡಿದರು. ಹೊರಗಿನ ಜಾಗಗಳಲ್ಲಿ, ನಟರಲ್ಲದವರನ್ನು ಇಟ್ಟುಕೊಂಡು ಸಿನಿಮಾ ಮಾಡಬಹುದು ಅನ್ನುವ ಧೈರ್ಯ ಬಂದದ್ದು ಅಲ್ಲಿ. 1952ರಲ್ಲಿ ಶೂಟಿಂಗ್ ಶುರು. ಕ್ಯಾಮೆರಾ ಹಿಡಿದ ಸುಬ್ರತೋ ಮಿತ್ರನಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ ವರ್ಷ, ಅದಕ್ಕೆ ಮುಂಚೆ ಸಿನಿಮಾ ಕ್ಯಾಮೆರಾ ನಡೆಸಿದವನೇ ಅಲ್ಲ. ಒಂದು ಭಾನುವಾರ ಆ ಬಿಳಿ ಹೂವಿನ ಬಯಲಲ್ಲಿ ಶೂಟಿಂಗ್ ಮಾಡಿದರು. ಮುಂದಿನ ವಾರ ಹೋಗಿ ನೋಡಿದರೆ ದನಗಳು ಹೂವನ್ನೆಲ್ಲ ಮೇದುಬಿಟ್ಟಿದ್ದವು! ಮತ್ತೆ ಹೂ ಬಿಡುವವರೆಗೆ ವರ್ಷ ಕಾದರು. ನಡುವೆ ದುಡ್ಡು ಮುಗಿಯಿತು. ಹೆಂಡತಿ ಬಿಜೋಯಾ ಅವರ ಒಡವೆ ಅಡವಿಟ್ಟರು. ಕಡೆಗೆ ಪಶ್ಚಿಮ ಬಂಗಾಳ ಸರ್ಕಾರ ಹಣ ಕೊಟ್ಟ ಮೇಲೆ 1955ರಲ್ಲಿ ಸಿನಿಮಾ ಹೊರಗೆ ಬಂತು. ಇಷ್ಟು ವರ್ಷದಲ್ಲಿ ಅಪುವಿನ ದನಿ ಒಡೆಯಲಿಲ್ಲ, ದುರ್ಗಾ ದೊಡ್ಡವಳಾಗಿಬಿಡಲಿಲ್ಲ, ಮುದುಕಿಯ ಪಾತ್ರದ ಚುನಿಬಾಲಾ ದೇವಿ ಸಾಯಲಿಲ್ಲ. ಈ ಮೂರೂ ಪವಾಡ ಅಂತ ರಾಯ್ ಹೇಳುತ್ತಿದ್ದರು.

ಕಷ್ಟಪಟ್ಟು ಮಾಡಿದ್ದಕ್ಕೇ ದೊಡ್ಡ ಸಿನಿಮಾ ಆಯಿತು ಅಂತ ನಾನು ಹೇಳುತ್ತಿಲ್ಲ. ಕಷ್ಟಪಟ್ಟು ಮಾಡಿದ ಸಾಧಾರಣ ಸಿನಿಮಾಗಳು ಬೇಕಾದಷ್ಟಿವೆ. ಅಷ್ಟು ಕಾಲ ಆ ಮನೆ, ಆ ಕೊಳ, ಆ ಮುದುಕಿಯ ಜೊತೆ ಇದ್ದದ್ದರಿಂದ ರಾಯ್‌ಗೆ ಅವಸರ ಬಿಟ್ಟುಹೋಗಿತ್ತು ಅಂತ ನನಗೆ ಅನ್ನಿಸುತ್ತದೆ. ಅವಸರ ಇದ್ದವರಿಗೆ ಆ ಗಿಡ ಹೊಳೆಯುವುದಿಲ್ಲ.

ಎರಡನೇ ಸಲ ನೋಡಿದ್ದು ನಿನಗೆ ಮೂರು ವರ್ಷವಿದ್ದಾಗ. ಆ ಮಳೆಗಾಲದಲ್ಲಿ ನಿನಗೆ ವಿಪರೀತ ಜ್ವರ ಬಂದಿತ್ತು. ಕರೆಂಟಿಲ್ಲ, ರಸ್ತೆಗೆ ಮರ ಬಿದ್ದಿದೆ. ರಾತ್ರಿಯಿಡೀ ನಿನ್ನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತಿದ್ದೆ. ನಿನಗೆ ವಾಸಿಯಾದ ಕೆಲವು ತಿಂಗಳ ಮೇಲೆ ಯಾರೋ ಈ ಸಿನಿಮಾದ ಸಿ.ಡಿ. ಕೊಟ್ಟರು. ಅದರಲ್ಲಿ ದುರ್ಗಾಗೆ ಜ್ವರ. ಹೊರಗೆ ಬಿರುಗಾಳಿ. ಸರ್ಬಜಯಾ ಒಂದು ಕಡೆ ಮಗಳನ್ನು ನೋಡಬೇಕು, ಇನ್ನೊಂದು ಕಡೆ ಗಾಳಿಗೆ ತೆರೆದುಕೊಳ್ಳುವ ಬಾಗಿಲನ್ನು ಒತ್ತಿ ಹಿಡಿಯಬೇಕು. ನಾನು ಅಲ್ಲಿಗೆ ನಿಲ್ಲಿಸಿ ಎದ್ದುಹೋದೆ. ಉಳಿದದ್ದನ್ನು ನೋಡಿದ್ದು ಮಾರನೇ ದಿನ, ನೀನು ತೊಡೆಯ ಮೇಲೆ ಮಲಗಿದ್ದಾಗ.

ದುರ್ಗಾ ಬದುಕುವುದಿಲ್ಲ. ಅಪ್ಪ ಹರಿಹರನಿಗೆ ಗೊತ್ತಿಲ್ಲ. ದುಡಿಯಲು ಹೋಗಿದ್ದ ಪಟ್ಟಣದಿಂದ ಮಗಳಿಗೆ ಅಂತ ಸೀರೆ ತಂದು ಸರ್ಬಜಯಾಳ ಕೈಗೆ ಕೊಡುತ್ತಾನೆ. ಅವಳು ಬಾಯಿ ತೆರೆದು ಕುಸಿಯುತ್ತಾಳೆ. ಅಳುವಿನ ಸದ್ದು ನಮಗೆ ಕೇಳಿಸುವುದಿಲ್ಲ. ಅದರ ಬದಲು ತಾರ್ ಶೆಹನಾಯಿ ಅನ್ನುವ ತಂತಿವಾದ್ಯದ ದನಿ ಬರುತ್ತದೆ. ತಾಯಿಯ ಅಳು ಹೇಗಿರುತ್ತದೆ ಅನ್ನುವುದನ್ನು ರಾಯ್ ನಮಗೇ ಬಿಟ್ಟಿದ್ದಾರೆ.

ಇನ್ನೊಂದು ಇದೆ. ದುರ್ಗಾ ಮೇಲೆ ಪಕ್ಕದ ಮನೆಯವರು ಮಣಿಸರ ಕದ್ದ ಆರೋಪ ಹೊರಿಸಿದ್ದರಲ್ಲ, ನೀನು ನೋಡಿದಷ್ಟರಲ್ಲಿ ಅದು ಬಂದಿತೋ ಇಲ್ಲವೋ. ಅವಳು ಕದ್ದಿಲ್ಲ ಅಂತಲೇ ಹೇಳಿದ್ದಳು. ಊರು ಬಿಡುವಾಗ ಅಪುವಿಗೆ ಆ ಸರ ಸಿಗುತ್ತದೆ. ಅವನು ಯಾರಿಗೂ ಹೇಳುವುದಿಲ್ಲ. ಓಡಿಹೋಗಿ ಕೊಳಕ್ಕೆ ಎಸೆಯುತ್ತಾನೆ. ನೀರಿನ ಮೇಲಿನ ಪಾಚಿ ಒಂದು ಕ್ಷಣ ಬಾಯಿಬಿಟ್ಟು ಮತ್ತೆ ಮುಚ್ಚಿಕೊಳ್ಳುತ್ತದೆ. ಅಕ್ಕನ ಆ ಗುಟ್ಟು ಈಗ ಗೊತ್ತಿರುವುದು ಅಪುವಿಗೆ ಮತ್ತು ನಮಗೆ ಮಾತ್ರ.

ನಮ್ಮ ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ'ದಲ್ಲೂ (1977) ಹಾಗೇ. ಎಳೆ ವಯಸ್ಸಿನ ವಿಧವೆ ಯಮುನಾಳಿಗೆ ಆದದ್ದೆಲ್ಲವನ್ನೂ ನಾವು ನಾಣಿ ಅನ್ನುವ ಪುಟ್ಟ ಹುಡುಗನ ಕಣ್ಣಲ್ಲಿ ನೋಡುತ್ತೇವೆ. ಅವನಿಗೆ ಪೂರ್ತಿ ಅರ್ಥವಾಗುವುದಿಲ್ಲ, ನಮಗೆ ಅರ್ಥವಾಗುತ್ತದೆ. ಅದೇ ಸಂಕಟ. 2024ರಲ್ಲಿ ಅದರ ಹಳೆಯ ಪ್ರತಿಯನ್ನು ಸರಿಪಡಿಸಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ನನಗಾದ ಸಂತೋಷ ಅಷ್ಟಿಷ್ಟಲ್ಲ. 'ಪಥೇರ್ ಪಾಂಚಾಲಿ'ಯ ನೆಗೆಟಿವ್ ಕೂಡ 1993ರಲ್ಲಿ ಲಂಡನ್ನಿನಲ್ಲಿ ಬೆಂಕಿಗೆ ಸಿಕ್ಕಿತ್ತು. ಸುಟ್ಟು ಉಳಿದ ರೀಲುಗಳನ್ನು ಇಟಲಿಯ ಬೊಲೋನ್ಯಾದಲ್ಲಿ ಕೈಯಿಂದಲೇ ಇಷ್ಟಿಷ್ಟೇ ಸರಿಮಾಡಿದರು. ನಿನ್ನ ಫೋನಿಗೆ ಬಂದಿರುವುದು ಅಂಥ ಸಿನಿಮಾ.

ಒಂದು ಕೆಲಸ ಮಾಡು. ಈ ಶನಿವಾರ ರೂಮಿನ ದೀಪ ಆರಿಸಿ, ಗೆಳತಿಯ ಲ್ಯಾಪ್‌ಟಾಪಿನಲ್ಲಿ ಮೊದಲಿನಿಂದ ಹಾಕು. ಮಾಮೂಲಿ ವೇಗದಲ್ಲಿ. ಎರಡು ಗಂಟೆ ಚಿಲ್ಲರೆ, ಅಷ್ಟೆ. ಮುಗಿದ ಮೇಲೆ ಎಷ್ಟು ಹೊತ್ತಾದರೂ ಫೋನ್ ಮಾಡು, ನಾನು ಎದ್ದಿರುತ್ತೇನೆ. ಚೆನ್ನಾಗಿತ್ತೋ ಇಲ್ಲವೋ ಅಂತ ಕೇಳುವುದಿಲ್ಲ. ನಿನ್ನ ಕಣ್ಣಿಗೆ ಏನು ಬಿತ್ತು ಅಂತ ಹೇಳಬೇಕು.

ನಿನ್ನ,
ಅಮ್ಮ